ಆರನೇ ಮನೆಯಲ್ಲಿ ಕಂದಾದ ಪೇಲ್ ಏಲ್

ಬಕೆಟ್ಟಿನಲ್ಲಿರುವ ಬಿಯರಿನ ಫೋಟೋ ಕಳಿಸಿ 'ಇದರ ಬಣ್ಣ ಸರಿ ಇದೆಯಾ' ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ. ಬಕೆಟ್ಟನ್ನು ನಂಬಬೇಡಿ, ಲೋಟಕ್ಕೆ ಹಾಕಿ ನೋಡಿ. ಹತ್ತು ಲೀಟರು ಒಟ್ಟಿಗೆ ನಿಂತರೆ ಎಂಥ ತಿಳಿ ಬಣ್ಣದ ಬಿಯರೂ ಕಷಾಯದಂತೆ ಕಾಣುತ್ತದೆ. ಬಕೆಟ್ಟಿನಲ್ಲಿ ಬೆಳಕು ಒಂದು ಗೇಣು ಆಳ ದಾಟಬೇಕು, ಲೋಟದಲ್ಲಾದರೆ ನಾಲ್ಕೇ ಬೆರಳು. ಹಾಗಾಗಿ ಜೂನ್ ತಿಂಗಳಲ್ಲಿ ಎರ್ಲಾಂಗೆನ್ ಎಂಬ ಪರದೇಶದ ಊರಿನಲ್ಲಿರುವ ನಮ್ಮ ಕಡೆಯ ಎಂಜಿನಿಯರೊಬ್ಬರು ವಾಟ್ಸ್ಯಾಪಿನಲ್ಲಿ ಫೋಟೋ ಕಳಿಸಿ, "ಅಕ್ಕ, ಇದು ಸ್ವಲ್ಪ ಡಾರ್ಕ್ ಆಯ್ತಾ ಹೇಗೆ?" ಎಂದು ಕೇಳಿದಾಗ ಅದೇ ಉತ್ತರ ಕೊಟ್ಟು ನನ್ನ ಕೆಲಸಕ್ಕೆ ಮರಳಿದೆ.

ಕೆಲವು ವಾರಗಳಲ್ಲಿ ಅವರ ಬಾಟಲಿ ನನ್ನ ಮೇಜಿಗೆ ಬಂತು. ಲೋಟಕ್ಕೆ ಹಾಕಿ ಕಿಟಕಿಗೆ ಹಿಡಿದೆ. ಹಿಂದಿನ ದಿನ ಬೇರೆ ಐದು ಮನೆಗಳಿಂದ ಬಂದಿದ್ದ ಅದೇ ಬಿಯರು ಒಣಹುಲ್ಲಿನ ಬಣ್ಣಕ್ಕಿತ್ತು. ಇದು ಜೋನಿಬೆಲ್ಲ ಕದಡಿದ ನೀರಿನಂತಿತ್ತು. ಯಾರದೋ ಬಿಯರು ಎಂದು ಲೋಟ ಪಕ್ಕಕ್ಕಿಟ್ಟು ಬಿಡುವ ಹಾಗಿರಲಿಲ್ಲ.

ಯಾಕೆಂದರೆ ಆ ಬಿಯರಿನ ಪಾಕವಿಧಾನ ನನ್ನದು. ಎರ್ಲಾಂಗೆನ್ನಿನ ಹೊರವಲಯದ ಸಣ್ಣ ಕಂಪನಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಮನೆಯಲ್ಲೇ ಬಿಯರ್ ಮಾಡಿಕೊಳ್ಳುವ ಹವ್ಯಾಸದವರಿಗೆ ಬೇಕಾದ ಸಾಮಾನನ್ನು ಅಳೆದು ಒಂದು ಪೆಟ್ಟಿಗೆಯಲ್ಲಿ ಹಾಕಿ ಮಾರುವುದು ಅಲ್ಲಿಯ ವ್ಯಾಪಾರ. ಪೆಟ್ಟಿಗೆಯಲ್ಲಿ ಇರುವುದು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ಗಿರಣಿಯಲ್ಲಿ ಒಡೆದು ಚೀಲಕ್ಕೆ ತುಂಬಿರುತ್ತೇವೆ. ಜೊತೆಗೆ ಕಹಿಗೂ ಪರಿಮಳಕ್ಕೂ ಹಾಪ್ಸ್ ಎಂಬ ಒಣಹೂವು, ಒಂದು ಪೊಟ್ಟಣ ಯೀಸ್ಟ್, ಮಾಡುವ ವಿಧಾನ ಬರೆದ ಹಾಳೆ. ಹತ್ತು ಲೀಟರಿನ ಪೇಲ್ ಏಲ್, ಅಂದರೆ ತಿಳಿ ಬಣ್ಣದ ಬಿಯರಿನ ಪೆಟ್ಟಿಗೆ ನಾನು ಆ ಕಂಪನಿಗೆಂದು ಮಾಡಿದ ಮೊದಲ ಸರಕು.

ಮಾಲೀಕರು ಇದೇ ಸೀಮೆಯವರು, ಅರುವತ್ತರ ಆಸುಪಾಸಿನ ಮನುಷ್ಯ. ಮಾತು ಎಣಿಸಿ ಆಡುವವರು. ಹೊಸ ಪೆಟ್ಟಿಗೆಯನ್ನು ಮಾರುವ ಮೊದಲು ಆರು ಮನೆಗಳಿಗೆ ಕೊಟ್ಟು ಮಾಡಿಸಿ ನೋಡಬೇಕು ಎಂಬುದು ಅವರ ನಿಯಮ. ನಮ್ಮ ಪ್ರಯೋಗಾಲಯದಲ್ಲಿ ಚೆನ್ನಾಗಿ ಬಂದರೆ ಅದು ನಮ್ಮ ಜಾಣ್ಮೆ, ಗಿರಾಕಿಯ ಅಡುಗೆಮನೆಯಲ್ಲಿ ಚೆನ್ನಾಗಿ ಬಂದರೆ ಮಾತ್ರ ಅದು ಪೆಟ್ಟಿಗೆಯ ಗುಣ ಎನ್ನುತ್ತಿದ್ದರು. ಐದು ಮನೆಗಳನ್ನು ಅವರು ಆರಿಸಿದ್ದರು, ಆರನೆಯದನ್ನು ನಾನು. ಉಡುಪಿ ಕಡೆಯ ಆ ಎಂಜಿನಿಯರ್ ಆಗ ಒಬ್ಬರೇ ಇದ್ದರು, ಪ್ರತಿಯೊಂದನ್ನೂ ಅಳೆಯುವ ಸ್ವಭಾವದವರು. ಇಂಥವರ ಕೈಯಲ್ಲಿ ತಪ್ಪಾಗುವುದಿಲ್ಲ ಎಂದು ನಾನೇ ಹೆಮ್ಮೆಯಿಂದ ಅವರನ್ನು ಸೇರಿಸಿದ್ದೆ.

ಬಿಯರಿನ ಬಣ್ಣ ಅಳೆಯುವುದು ಕಷ್ಟದ ಕೆಲಸವಲ್ಲ. ಗ್ಯಾಸ್ ಬಿಡಿಸಿ, ಸೋಸಿ, ಸಣ್ಣ ಗಾಜಿನ ಪಾತ್ರೆಗೆ ಹಾಕಿ ಅದರ ಮೂಲಕ ನೀಲಿ ಬೆಳಕು ಹಾಯಿಸಬೇಕು. ಬಣ್ಣ ಗಾಢವಾದಷ್ಟೂ ಹೆಚ್ಚು ಬೆಳಕು ಒಳಗೇ ಉಳಿಯುತ್ತದೆ. ಅದನ್ನು ಇಲ್ಲಿಯವರು ಇಬಿಸಿ ಎಂಬ ಮಾನದಲ್ಲಿ ಹೇಳುತ್ತಾರೆ. ಐದು ಮನೆಯ ಬಿಯರುಗಳು ಹತ್ತರಿಂದ ಹದಿಮೂರರ ಒಳಗಿದ್ದವು. ಆರನೆಯದು ಇಪ್ಪತ್ತಾರು. ಯಂತ್ರ ಕೆಟ್ಟಿದೆಯೇನೋ ಎಂಬ ಆಸೆಯಿಂದ ಮತ್ತೊಮ್ಮೆ ಅಳೆದೆ. ಯಂತ್ರ ಚೆನ್ನಾಗಿಯೇ ಇತ್ತು.

ಮಾಲೀಕರು ಲೋಟವನ್ನು ಕಿಟಕಿಗೆ ಹಿಡಿದು ನೋಡಿದರು, ಕುಡಿದರು, ಕೆಳಗಿಟ್ಟರು.

"ಕುಡಿಯಲಿಕ್ಕೆ ಕೆಟ್ಟದಾಗಿಲ್ಲ. ಯಾಕೆ ಹೀಗಾಯಿತು?"

"ಗೊತ್ತಿಲ್ಲ," ಎಂದೆ.

"ಗೊತ್ತಾದ ಮೇಲೆ ಮಾರೋಣ. ಕಂದು ಬಿಯರು ಪಾಪವಲ್ಲ, ನನ್ನ ಅಜ್ಜ ಕುಡಿದದ್ದೆಲ್ಲ ಅದೇ. ಆದರೆ ಪೆಟ್ಟಿಗೆಯ ಮೇಲೆ ಪೇಲ್ ಎಂದು ಬರೆದು ಕಂದು ಕೊಟ್ಟರೆ ಅದು ಸುಳ್ಳು. ಆರರಲ್ಲಿ ಒಂದು ಹೀಗಾದರೆ, ನೂರರಲ್ಲಿ ಎಷ್ಟಾಗುತ್ತದೆ ಎಂದು ನನಗೆ ಹೇಳುವವರು ಯಾರು?" ಬಾಗಿಲಿನ ತನಕ ಹೋಗಿ ತಿರುಗಿದರು. "ನಿಮ್ಮ ಪ್ರೋಬೆಟ್ಸೈಟ್ ಆಗಸ್ಟ್ ಕೊನೆಗೆ ಮುಗಿಯುತ್ತದಲ್ಲ. ಅಷ್ಟರೊಳಗೆ ಇತ್ಯರ್ಥವಾದರೆ ಒಳ್ಳೆಯದು."

ಪ್ರೋಬೆಟ್ಸೈಟ್ ಎಂದರೆ ಕೆಲಸ ಕಾಯಂ ಆಗುವ ಮೊದಲಿನ ಪರೀಕ್ಷಾವಧಿ. ಆ ಅವಧಿಯಲ್ಲಿ ಬೇಡವೆಂದರೆ ಬೇಡ, ಹೆಚ್ಚು ವಿವರಣೆ ಕೊಡಬೇಕಾಗಿಲ್ಲ. ಈ ದೇಶದಲ್ಲಿ ನಾನು ಉಳಿಯುವುದೂ ಇದೇ ಕೆಲಸಕ್ಕೆ ತಗಲಿಕೊಂಡಿತ್ತು. ಅವರು ಹೆದರಿಸಲೆಂದು ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಆದರೂ ಆ ದಿನ ಮಧ್ಯಾಹ್ನ ತಂದಿದ್ದ ಊಟದ ಡಬ್ಬಿ ತೆರೆಯದೆ ಮನೆಗೆ ಹೋಯಿತು.

ಪೇಲ್ ಏಲ್ ಕಂದಾಗಲು ದಾರಿಗಳು ಬೇಕಾದಷ್ಟಿವೆ. ಮೊದಲ ಅನುಮಾನ ಗಾಳಿಯ ಮೇಲೆ. ಹಾಪ್ಸ್ ಜಾಸ್ತಿ ಹಾಕಿದ ಬಿಯರನ್ನು ಬಾಟಲಿಗೆ ತುಂಬುವಾಗ ಗಾಳಿ ಸೇರಿದರೆ, ಹೆಚ್ಚಿಟ್ಟ ಸೇಬಿನಂತೆ ಅದು ಕಂದಾಗುತ್ತದೆ. ಎಂಜಿನಿಯರಿಗೆ ಫೋನ್ ಮಾಡಿದೆ.

"ಬಾಟಲಿಗೆ ತುಂಬುವಾಗ ಮೇಲಿಂದ ಸುರಿದಿರಾ ಮಾರಾಯ್ರೆ, ಇಲ್ಲ ಟ್ಯೂಬ್ ಅಡಿಯವರೆಗೆ ಇಳಿಸಿದಿರಾ?"

"ಟ್ಯೂಬ್ ಅಕ್ಕ. ಶೀಟ್‌ನಲ್ಲಿ ಇದ್ದ ಹಾಗೇ. ಒಂದು ಸ್ಟೆಪ್ ಕೂಡ ಸ್ಕಿಪ್ ಮಾಡ್ಲಿಲ್ಲ. ಬೇಕಾದ್ರೆ ಟೆಂಪರೇಚರ್ ಲಾಗ್ ಕಳಿಸ್ತೇನೆ."

"ಬೇಡ. ಶ್ಪೈಸೆ ತೆಗೆದಿಟ್ಟಿದ್ರಲ್ಲ, ಉಳಿದದ್ದು ಏನಾದ್ರೂ ಉಂಟಾ?"

"ಉಂಟು. ಫ್ರೀಜರ್‌ನಲ್ಲಿ ಒಂದು ಸಣ್ಣ ಬಾಟಲಿ."

ಶ್ಪೈಸೆ ಎಂದರೆ ಯೀಸ್ಟ್ ಹಾಕುವ ಮೊದಲೇ ತೆಗೆದಿಡುವ ಸಿಹಿ ರಸ. ಬಾಟಲಿಯಲ್ಲಿ ನೊರೆ ಹುಟ್ಟಲು ಇಲ್ಲಿಯವರು ಸಕ್ಕರೆಯ ಬದಲು ಅದನ್ನೇ ಕೊನೆಗೆ ಬೆರೆಸುತ್ತಾರೆ. ಸಂಜೆ ಸೈಕಲ್ಲಿನಲ್ಲಿ ಹೋಗಿ ಅವರ ಕಚೇರಿಯ ಗೇಟಿನ ಹತ್ತಿರ ಅದನ್ನು ಇಸಿದುಕೊಂಡೆ. ಕರಗಿಸಿ ಅಳೆದರೆ ಅದೂ ಕಂದು. ಗಾಳಿಯೂ ಬಾಟಲಿಯೂ ಯೀಸ್ಟೂ ಒಮ್ಮೆಲೇ ನಿರ್ದೋಷಿಗಳಾದವು. ಏನೇ ಆಗಿದ್ದರೂ ಅದು ಕುದಿಸಿ ಮುಗಿಯುವುದರೊಳಗೆ ಆಗಿತ್ತು.

ಎರಡನೆಯ ಅನುಮಾನ ನೀರಿನ ಮೇಲೆ. ಈ ಕಡೆಯ ನಲ್ಲಿ ನೀರು ಗಡಸು, ಕೆಟಲಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಇಂಥ ನೀರಿನಲ್ಲಿ ಮಾಲ್ಟನ್ನು ನೆನೆಸಿದರೆ ಹುಳಿ ಸಾಲದೆ ಹೊಟ್ಟಿನಿಂದ ಬಣ್ಣವೂ ಒಗರೂ ಹೆಚ್ಚು ಇಳಿಯುತ್ತವೆ. ಅದಕ್ಕೆಂದೇ ನಮ್ಮ ಪೆಟ್ಟಿಗೆಯಲ್ಲಿ ಸ್ವಲ್ಪ ಹುಳಿ ಮಾಲ್ಟನ್ನೂ ಬೆರೆಸಿರುತ್ತೇವೆ. ಎಂಜಿನಿಯರ್ ತಮ್ಮ ನಲ್ಲಿಯ ನೀರನ್ನು ದೊಡ್ಡ ಕ್ಯಾನಿನಲ್ಲಿ ತಂದುಕೊಟ್ಟರು. ಅದರಲ್ಲಿ ಮಾಡಿದ ರಸ ಹದಿನಾಲ್ಕಕ್ಕೆ ಬಂತು. ಕಂಪನಿಯ ನೀರಿನಲ್ಲಿ ಮಾಡಿದ್ದಕ್ಕಿಂತ ಎರಡು ಅಂಕ ಏರಿದ್ದು ನಿಜ, ಆದರೆ ನಾನು ಹುಡುಕುತ್ತಿದ್ದ ಕಳ್ಳ ಇಷ್ಟು ಚಿಕ್ಕವನಲ್ಲ.

ಮೂರನೆಯದು ಕುದಿತ. ಇಲ್ಲಿ ಮನೆಗಳಲ್ಲಿ ಬಿಯರ್ ಕುದಿಸುವುದು ಐನ್‌ಕೋಖರ್ ಎಂಬ ವಿದ್ಯುತ್ ಹಂಡೆಯಲ್ಲಿ, ಹಿಂದಿನ ಕಾಲದಲ್ಲಿ ಹಣ್ಣು ತರಕಾರಿಗಳನ್ನು ಕೆಡದಂತೆ ಬಾಟಲಿಗಳಲ್ಲಿ ಕಟ್ಟಿಡಲು ಇಟ್ಟುಕೊಳ್ಳುತ್ತಿದ್ದದ್ದು. ಅದರ ಕಾವು ಸಾಲದು. ಕುದಿ ಬರಲಿಕ್ಕೆ ತುಂಬ ಹೊತ್ತು ಬೇಕು, ಅಡಿ ಹಿಡಿದರೆ ರಸ ಕಂದಾಗುತ್ತದೆ. ನಾನು ಹಾಳೆಯಲ್ಲಿ ಹೇಳಿದ್ದಕ್ಕಿಂತ ಎರಡು ಪಟ್ಟು ಹೊತ್ತು ಕುದಿಸಿದೆ. ಬೇಕೆಂದೇ ಅಡಿ ಹಿಡಿಸಿದೆ. ಬಣ್ಣ ಹದಿನೇಳಕ್ಕೆ ಏರಿತು, ಆದರೆ ರುಚಿ ಹೊಗೆಯಂತಾಯಿತು. ಆರನೇ ಮನೆಯ ಬಿಯರಿನಲ್ಲಿ ಹೊತ್ತಿದ ವಾಸನೆಯೇ ಇರಲಿಲ್ಲ. ಬಿಸ್ಕತ್ತಿನಂಥ ಒಂದು ಹಿತವಾದ ಪರಿಮಳ, ಬಾಯಲ್ಲಿ ಸ್ವಲ್ಪ ಹೆಚ್ಚು ದಪ್ಪ. ಆ ಪರಿಮಳವನ್ನು ಎಲ್ಲೋ ಬಲ್ಲೆ ಅನ್ನಿಸುತ್ತಿತ್ತು. ಎಲ್ಲಿ ಎಂದು ಮಾತ್ರ ನೆನಪಾಗಲಿಲ್ಲ.

ಉಳಿದದ್ದು ಒಂದೇ ಅನುಮಾನ, ಅದು ನನ್ನದೇ ಗಿರಣಿಯ ಮೇಲೆ. ಆ ಚೀಲಗಳನ್ನು ತುಂಬಿದ ದಿನ ಬೆಳಿಗ್ಗೆ ಬೇರೊಂದು ಪೆಟ್ಟಿಗೆಗಾಗಿ ಕ್ಯಾರಮೆಲ್ ಮಾಲ್ಟ್ ಒಡೆದಿದ್ದೆ. ಅದು ಗಾಢ ಕಂದು. ಗಿರಣಿಯನ್ನು ಗುಡಿಸಿ ಸ್ವಚ್ಛ ಮಾಡಿದ್ದು ಖಂಡಿತ ನೆನಪಿತ್ತು. ಆದರೆ ಮಾಲೀಕರು ಒಂದು ದಿನ ಕಾಫಿ ಕುಡಿಯುತ್ತ, "ಗಿರಣಿಯೊಳಗೆ ಹಿಂದಿನದು ಉಳಿದಿತ್ತೋ ಏನೋ," ಎಂದದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನಗೆ ನನ್ನ ಮೇಲೆಯೇ ಸಂಶಯ ಬಂತು. ಪ್ರತಿ ಸಲದ ಮಾಲ್ಟಿನಲ್ಲೂ ಒಂದಿಷ್ಟು ತೆಗೆದಿಡುವ ಕ್ರಮವಿದೆ. ಅದನ್ನು ಹೊರತೆಗೆದು ಬಿಳಿ ಕಾಗದದ ಮೇಲೆ ಹರಡಿ ಕಾಳು ಕಾಳು ನೋಡಿದೆ. ರಸ ಮಾಡಿದೆ. ತಿಳಿ ಬಣ್ಣವೇ ಬಂತು.

"ಇದು ಮೊದಲ ಚೀಲದಿಂದ ತೆಗೆದದ್ದಲ್ಲವೇ? ಅವರ ಮನೆಗೆ ಹೋದದ್ದು ಯಾವ ಚೀಲ?" ಎಂದು ಮಾಲೀಕರು ಕೇಳಿದರು.

ಚೀಲಗಳ ಮೇಲೆ ನಾನು ಸಂಖ್ಯೆ ಬರೆದಿರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಅವರ ಮೇಲಲ್ಲ, ಆ ಇಪ್ಪತ್ತಾರರ ಮೇಲೆ. 'ಗಿರಾಕಿಯ ತಪ್ಪು' ಎಂದು ಬರೆದು ಆ ಬಾಟಲಿಯನ್ನು ಪಕ್ಕಕ್ಕಿಡಬಹುದಿತ್ತು. ಎಂಜಿನಿಯರ್ ನನ್ನ ಪರಿಚಯದವರು, ಬೇಸರಪಟ್ಟುಕೊಳ್ಳುವವರೂ ಅಲ್ಲ. ಆದರೆ ಯಾವ ತಪ್ಪು ಎಂದು ಮಾಲೀಕರು ಕೇಳಿಯೇ ಕೇಳುತ್ತಾರೆ. ಒಂದು ಸುಳ್ಳು ಹೇಳಿ ಕೆಲಸ ಉಳಿಸಿಕೊಂಡರೂ ಪೆಟ್ಟಿಗೆ ಅಂಗಡಿಗೆ ಹೋದ ಮೇಲೆ ಪ್ರತಿ ಫೋನ್ ಕರೆಗೂ ನಾನು ಬೆಚ್ಚಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಸೈಕಲ್ ತುಳಿಯುತ್ತ ಕೆಲಸಕ್ಕೆ ಹೋಗುವಾಗ ಒಂದು ವಿಷಯ ಹೊಳೆಯಿತು. ಅವರ ನೀರನ್ನು ನನ್ನಲ್ಲಿಗೆ ತಂದೆ, ಅವರ ಹಂಡೆಯ ಕುದಿತವನ್ನು ನನ್ನಲ್ಲಿ ಮಾಡಿ ನೋಡಿದೆ, ಅವರ ಶ್ಪೈಸೆಯನ್ನೂ ತಂದೆ. ಮಾಲ್ಟನ್ನು ಮಾತ್ರ ಪ್ರತಿ ಸಲ ಕಂಪನಿಯ ಕಪಾಟಿನಿಂದಲೇ ತೆಗೆದದ್ದು. ಆ ಮನೆಯಲ್ಲಿ ಚೀಲ ಕೆಲವು ದಿನ ಕೂತಿತ್ತು. ಕೂತಲ್ಲಿ ಅದಕ್ಕೆ ಏನಾದರೂ ಆಗಿದ್ದರೆ? ನೆಲಮಾಳಿಗೆಯ ತೇವವೋ, ಬಿಸಿಲೋ, ಬೇರೇನೋ. ನಾನು ಪ್ರಯೋಗಾಲಯದಲ್ಲಿ ಇನ್ನು ಏನನ್ನೂ ಕುದಿಸುವುದಿಲ್ಲವೆಂದು ನಿರ್ಧರಿಸಿದೆ. ಅದೇ ದಿನ ತುಂಬಿದ್ದ ಚೀಲಗಳಲ್ಲಿ ಎರಡು ಉಳಿದಿದ್ದವು. ಒಂದನ್ನು ಎಂಜಿನಿಯರಿಗೆ ಕೊಟ್ಟು, "ಮೊದಲಿನದನ್ನು ಹೇಗೆ ಇಟ್ಟಿದ್ರೋ ಹಾಗೇ ಇಡಿ, ನಾನು ಮುಂದಿನ ಶನಿವಾರ ಬರ್ತೇನೆ," ಎಂದೆ. ಇನ್ನೊಂದು ಕಂಪನಿಯಲ್ಲೇ ಇತ್ತು. ಶನಿವಾರ ಅದನ್ನು ಸೈಕಲ್ಲಿನ ಚೀಲಕ್ಕೆ ಹಾಕಿಕೊಂಡು ಹೊರಟೆ. ಎರಡನ್ನೂ ಅವರದೇ ಅಡುಗೆಮನೆಯಲ್ಲಿ ಅವರ ಕೈಯಲ್ಲೇ ಮಾಡಿಸುವುದು, ನಾನು ಕೈಕಟ್ಟಿ ನಿಂತು ನೋಡುವುದು ಎಂಬುದು ಲೆಕ್ಕಾಚಾರ.

ಬಾಗಿಲು ತೆರೆದ ಎಂಜಿನಿಯರ್ ಮೆಟ್ಟಿಲಿಗೇ ಬಂದು ದನಿ ತಗ್ಗಿಸಿದರು.

"ಅಕ್ಕ, ಅಮ್ಮ ಇದ್ದಾರೆ. ಮೇ ಕೊನೆಗೆ ಊರಿಂದ ಬಂದದ್ದು, ಮೂರು ತಿಂಗಳಿಗೆ. ಲಾಸ್ಟ್ ಟೈಮ್ ಅವರನ್ನು ಒಂದು ಪರಿಚಯದ ಮನೆಗೆ ಬಿಟ್ಟು ಬ್ರೂ ಮಾಡಿದ್ದೆ. ಇವತ್ತು ಹೋಗ್ಲಿಕ್ಕೆ ಕೇಳ್ಲಿಲ್ಲ. ನೀವು ಬಿಯರ್ ಅಂತ ಹೇಳ್ಬೇಡಿ, ಆಯ್ತಾ? ಬಾರ್ಲಿ ಅಂತ ಹೇಳಿದ್ದೇನೆ. ಹೆಲ್ತಿಗೆ ಒಳ್ಳೇದು ಅಂತ."

ನನಗೆ ನಗು ಬಂತು. ನಮ್ಮದು ಮಂಗಳೂರಿನ ಕ್ರಿಶ್ಚಿಯನ್ ಮನೆ, ಹಬ್ಬದ ದಿನ ಅಪ್ಪನೇ ಬಾಟಲಿ ತೆರೆಯುತ್ತಿದ್ದರು. ಮೂವತ್ತು ದಾಟಿದ ಎಂಜಿನಿಯರ್ ಅಮ್ಮನಿಗೆ ಹೆದರಿ ಬಾರ್ಲಿ ಗಂಜಿಯ ಕತೆ ಕಟ್ಟಿದ್ದು ನೋಡಿ ಅಯ್ಯೋ ಪಾಪ ಅನ್ನಿಸಿತು. ಆಯಿತು ಎಂದೆ.

ತಾಯಿ ಅಡುಗೆಮನೆಯಲ್ಲಿದ್ದರು. ಸಣ್ಣ ಮೈಯ, ಚುರುಕು ಕಣ್ಣಿನ ಹೆಂಗಸು. ಸೀರೆಯ ಮೇಲೆ ಮಗನ ಸ್ವೆಟರ್ ಹಾಕಿಕೊಂಡಿದ್ದರು. "ಬಾ ಮಾರಾಯ್ತಿ, ಕೂತ್ಕೋ. ಅವಲಕ್ಕಿ ಮಾಡಿದ್ದುಂಟು. ತಿಂದು ಆಮೇಲೆ ನಿಮ್ಮ ಕೆಲಸ," ಎಂದು ತಟ್ಟೆ ಮುಂದಿಟ್ಟರು. ನಾನು ತಿಂದೆ. ಎಂಜಿನಿಯರ್ ಹಂಡೆಗೆ ನೀರು ತುಂಬಿ, ಥರ್ಮಾಮೀಟರ್ ಇಳಿಸಿ, ಮೇಲಿನ ಕಪಾಟಿನಿಂದ ಚೀಲ ತೆಗೆದು ಮೇಜಿನ ಮೇಲಿಟ್ಟರು. ಅದರ ಬಾಯನ್ನು ಮಡಚಿ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿತ್ತು.

"ನಾನು ಅಂಟಿಸಿ ಕೊಟ್ಟದ್ದಲ್ವಾ? ಯಾಕೆ ತೆರೆದದ್ದು?"

"ತಂದ ದಿನವೇ ತೆರೆದು ನೋಡಿದ್ದು ಅಕ್ಕ, ಸುಮ್ನೆ. ಲಾಸ್ಟ್ ಟೈಮ್ ಕೂಡ ಹಾಗೇ ಮಾಡಿದ್ದೆ. ಸೇಮ್ ಕಂಡಿಷನ್ ಇರ್ಲಿ ಅಂತ."

ಕ್ಲಿಪ್ ತೆಗೆದೆ. ಪರಿಮಳ ಮುಖಕ್ಕೆ ಬಡಿಯಿತು. ಬಿಯರಿನಲ್ಲಿ ಬಲ್ಲೆ ಎನ್ನಿಸಿದ್ದ ಅದೇ ಪರಿಮಳ. ಒಡೆದ ಮಾಲ್ಟ್ ಹಸಿ ಹಿಟ್ಟಿನಂತೆ, ಸ್ವಲ್ಪ ಹುಲ್ಲಿನಂತೆ ಕಂಪು ಬೀರಬೇಕು. ಇದು ಉಪ್ಪಿಟ್ಟಿಗೆ ರವೆ ಹುರಿದಿಟ್ಟ ಡಬ್ಬಿಯಂತೆ ಘಮಘಮಿಸುತ್ತಿತ್ತು. ಮುಷ್ಟಿ ತುಂಬ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಹೊಟ್ಟು ಹೆಚ್ಚೇನೂ ಬದಲಾಗಿರಲಿಲ್ಲ, ಒಳಗಿನ ನುಚ್ಚೂ ಪುಡಿಯೂ ಹೊಂಬಣ್ಣ ದಾಟಿ ಕೆಂಪಗಾಗಿದ್ದವು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಗರಿಗರಿ.

"ಇದನ್ನು ಯಾರು ಹುರಿದದ್ದು?"

"ಹುರಿಯೋದಾ?" ಎಂಜಿನಿಯರ್ ನಕ್ಕರು. "ಮಾಲ್ಟನ್ನು ಯಾರು ಹುರಿತಾರೆ ಅಕ್ಕ?"

"ನಾನು," ಎಂದರು ತಾಯಿ. "ಬೆಚ್ಚಗೆ ಮಾಡಿದ್ದು ಅಷ್ಟೇ. ಇವ ಚೀಲದ ಬಾಯಿ ತೆರೆದೇ ಇಟ್ಟಿದ್ದ. ಬೇಸಿಗೆ ಅಲ್ವಾ, ಹುಳ ಬೀಳ್ತದೆ. ನಾಲ್ಕು ಸಲ ಬಾಣಲೆಗೆ ಹಾಕಿ ಹುರಿದು, ಆರಿಸಿ, ವಾಪಸ್ ತುಂಬಿಸಿದೆ. ಹೊಟ್ಟು ಕೂಡ ತೆಗೀಬೇಕು ಅಂತ ಇತ್ತು, ಆದ್ರೆ ಈ ಮನೆಯಲ್ಲಿ ಒಂದು ಮೊರ ಇಲ್ಲ."

"ಮೊದಲಿನ ಚೀಲ?"

"ಅದನ್ನೂ ಹುರಿದಿದ್ದೆ. ಯಾಕೆ, ಎಂತಾಯ್ತು?"

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ನಮ್ಮ ಊರ ಕಡೆ ಯಾವ ಮನೆಯಲ್ಲಿ ಇದು ಗೊತ್ತಿಲ್ಲ? ಮಳೆಗಾಲಕ್ಕೆ ಮುಂಚೆ ನನ್ನ ಅಮ್ಮನೂ ರವೆ, ಗೋಧಿ ನುಚ್ಚು ಎಲ್ಲವನ್ನೂ ಬೆಚ್ಚಗೆ ಹುರಿದು ಡಬ್ಬಿ ತುಂಬುತ್ತಿದ್ದರು. ಒಡೆದ ಮಾಲ್ಟ್ ನೋಡಲಿಕ್ಕೆ ಥೇಟ್ ಗೋಧಿ ನುಚ್ಚು. ಮಾಲೀಕರ ಐದು ಮನೆಗಳಲ್ಲಿ ಯಾರಿಗೂ ಈ ಯೋಚನೆ ಬರುವುದು ಸಾಧ್ಯವೇ ಇರಲಿಲ್ಲ, ನಾನು ಆರಿಸಿದ ಮನೆಯಲ್ಲಿ ಬಾರದೆ ಇರುವುದು ಸಾಧ್ಯವಿರಲಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ ನಾನು ನೀರು, ಹಂಡೆ, ಗಿರಣಿ ಎಂದು ಅಲೆದಿದ್ದೆ.

ಲೆಕ್ಕವೂ ಸರಿಹೊಂದಿತು. ಮಾಲ್ಟನ್ನು ಹುರಿದರೆ ಬಣ್ಣ ಏರುತ್ತದೆ, ಬಿಸ್ಕತ್ತಿನ ಪರಿಮಳ ಬರುತ್ತದೆ. ಕಾಳು ಒಣಗಿರುವುದರಿಂದ ಪಿಷ್ಟವನ್ನು ಸಕ್ಕರೆ ಮಾಡುವ ಅದರ ಶಕ್ತಿ ಹಿತವಾದ ಬಿಸಿಗೆ ಪೂರ್ತಿ ಸಾಯುವುದಿಲ್ಲ, ಸ್ವಲ್ಪ ಕುಂದುತ್ತದೆ. ಬಿಯರು ಬಾಯಲ್ಲಿ ದಪ್ಪ ಅನ್ನಿಸಿದ್ದು ಅದಕ್ಕೇ. ಪೂರ್ತಿ ಸತ್ತಿದ್ದರೆ ಬಿಯರೇ ಆಗುತ್ತಿರಲಿಲ್ಲ, ನಾನು ಮೊದಲ ದಿನವೇ ಮಾಲ್ಟಿನ ಕಡೆ ನೋಡುತ್ತಿದ್ದೆ.

"ಎಂತಾಯ್ತು ಅಂತ ಕೇಳಿದೆ," ಎಂದರು ತಾಯಿ.

ಅವರ ಬೆನ್ನ ಹಿಂದೆ ಎಂಜಿನಿಯರ್ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದರು. ನಾನು ತೊದಲಿದೆ. "ಏನಿಲ್ಲ ಅಮ್ಮ. ಈ ಬಾರ್ಲಿಯ ಪಾನೀಯ ತಿಳಿ ಬಣ್ಣಕ್ಕೆ ಬರ್ಬೇಕಿತ್ತು. ಕಂದಾಯ್ತು."

"ಬಿಯರ್ ಅಂತ ಹೇಳು ಮಾರಾಯ್ತಿ. ನನಗೆ ಗೊತ್ತುಂಟು."

ಎಂಜಿನಿಯರ್ ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟರು.

"ಮೊದಲನೇ ಚೀಲ ಹುರಿಯುವಾಗ ಗೊತ್ತಿರ್ಲಿಲ್ಲ. ಆಮೇಲೆ ಆ ಬಕೆಟ್ ಮೂಲೆಯಲ್ಲಿ ಗುಳುಗುಳು ಅಂತಿತ್ತು, ಮನೆಯೆಲ್ಲ ಹುದುಗು ಬಂದ ವಾಸನೆ. ದೋಸೆ ಹಿಟ್ಟು ಹುಳಿ ಬರಿಸುವವಳಿಗೆ ಅಷ್ಟು ತಿಳೀದಾ? ಇವನಾಗಿ ಹೇಳ್ಲಿ ಅಂತ ಸುಮ್ನಿದ್ದೆ."

"ಮತ್ತೆ ಎರಡನೇ ಚೀಲ ಯಾಕೆ ಹುರಿದದ್ದಮ್ಮ?" ಮಗ ಕೇಳಿದರು.

"ಬಿಯರ್ ಆದ್ರೂ ಹುಳ ಬಿದ್ದದ್ದು ಕುಡೀತಾರಾ?"

ನಾನು ನಕ್ಕೆ, ತಡೆಯಲಾಗಲಿಲ್ಲ. ಬಹಳ ದಿನಗಳ ಮೇಲೆ ಹಾಗೆ ನಕ್ಕದ್ದು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಆ ಹಗುರದಲ್ಲಿ ಬಾಯಿ ಹಿಡಿತ ತಪ್ಪಿತು. ಬಣ್ಣ ಕೆಟ್ಟದ್ದರಿಂದ ಪೆಟ್ಟಿಗೆ ನಿಂತದ್ದು, ಆಗಸ್ಟ್ ಕೊನೆಯೊಳಗೆ ಕಾರಣ ಸಿಗದಿದ್ದರೆ ನನ್ನ ಕೆಲಸ ಹೋಗುವುದಿತ್ತು ಎನ್ನುವುದು, ಎಲ್ಲವನ್ನೂ ಹೇಳಿದೆ. ತಾಯಿಯ ಮುಖ ಇಳಿದುಹೋಯಿತು. ಅಷ್ಟು ಹೊತ್ತು ಚುರುಕಾಗಿ ಓಡಾಡುತ್ತಿದ್ದವರು ಸೆರಗಿನಿಂದ ಕೈ ಒರೆಸುತ್ತ ಗೋಡೆಗೆ ಆತು ನಿಂತರು.

"ನಾನು ಹುರಿದದ್ದರಿಂದ ನಿನ್ನ ಕೆಲಸಕ್ಕೇ ಸಂಚಕಾರ ಬಂತಾ?"

"ಇಲ್ಲ ಅಮ್ಮ, ಕಾರಣ ಸಿಕ್ಕಿತಲ್ಲ. ಈಗ ಸರಿಯಾಗ್ತದೆ."

"ಆಗ್ತದೆ ಅಂದ್ರೆ ಆಗ್ಲಿಲ್ಲ ಅಂತ."

ಅವರು ಹೇಳಿದ್ದು ಸರಿಯೇ. ಕಾರಣ ಸಿಕ್ಕಿದ್ದು ನನಗೆ. ಮಾಲೀಕರಿಗೆ ಬೇಕಾದದ್ದು ಆರನೇ ಮನೆಯಿಂದ ತಿಳಿ ಬಣ್ಣದ ಒಂದು ಬಾಟಲಿ. ಸೈಕಲ್ಲಿನ ಚೀಲದಿಂದ ಹೊಸ ಮಾಲ್ಟನ್ನು ತೆಗೆದೆ. ಅದೇ ನೀರು, ಅದೇ ಹಂಡೆ, ಅದೇ ಕೈ. ಎಂಜಿನಿಯರ್ ಬಿಸಿ ನೀರಿಗೆ ಮಾಲ್ಟ್ ಸುರಿದು ಕಲಸಿದರು, ಕಾವು ಹಿಡಿದಿಟ್ಟರು, ಸಿಹಿ ರಸವನ್ನು ನಿಧಾನ ಸೋಸಿದರು, ಮುಚ್ಚಳ ತೆಗೆದಿಟ್ಟು ಕುದಿಸಿದರು, ಹಾಪ್ಸ್ ಹಾಕಿದರು. ನಾನು ಕೈಕಟ್ಟಿ ನಿಂತು ನೋಡಿದೆ. ತಾಯಿ ಕುರ್ಚಿ ಎಳೆದುಕೊಂಡು ಕೂತವರು ಏಳಲೇ ಇಲ್ಲ, ಹಂಡೆಯನ್ನೇ ನೋಡುತ್ತಿದ್ದರು. ರಸ ತಣಿದ ಮೇಲೆ ಸಣ್ಣ ಲೋಟದಲ್ಲಿ ಹಿಡಿದು 'ನೋಡಿ ಅಮ್ಮ, ತಿಳಿಯಾಗೇ ಉಂಟು' ಎಂದೆ. ಅವರು ಲೋಟವನ್ನು ಕಿಟಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು.

ಹುರಿದ ಚೀಲವನ್ನು ನಾನು ಸೋಮವಾರ ಕಂಪನಿಗೆ ಒಯ್ದು ಅಲ್ಲಿ ರಸ ಮಾಡಿದೆ. ಫ್ರೀಜರಿನಿಂದ ಬಂದಿದ್ದ ಶ್ಪೈಸೆಯ ಬಣ್ಣಕ್ಕೂ ಇದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಎರಡು ಲೋಟಗಳನ್ನೂ ಮಾಲೀಕರ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವರಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು.

"ಬಾಣಲೆಯಲ್ಲಿ?"

"ಹೌದು."

"ಹುಳ ಬೀಳಬಾರದು ಎಂದು?"

"ಹೌದು. ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ."

ಅವರು ಹುರಿದ ಮಾಲ್ಟನ್ನು ಒಂದು ಚಿಟಿಕೆ ಬಾಯಿಗೆ ಹಾಕಿ ಬಹಳ ಹೊತ್ತು ಅಗಿದರು. ಗಿರಣಿಯ ವಿಷಯ ಎತ್ತಿದ್ದಕ್ಕೆ ಕ್ಷಮೆ ಕೇಳಲಿಲ್ಲ. ಅವರು ಎತ್ತಿದ್ದು ಸರಿಯೇ ಇತ್ತು, ನಾನೂ ಕ್ಷಮೆಯನ್ನು ನಿರೀಕ್ಷಿಸಿರಲಿಲ್ಲ. "ಬಾಟಲಿ ಬರಲಿ," ಎಂದಷ್ಟೇ ಹೇಳಿ ಎದ್ದರು.

ಆ ಮೇಲಿನ ವಾರಗಳು ಸುಲಭವಾಗಿರಲಿಲ್ಲ. ಯೀಸ್ಟನ್ನು ಅವಸರ ಮಾಡಲಿಕ್ಕೆ ಆಗುವುದಿಲ್ಲ. ಹುದುಗು ಮುಗಿಯಬೇಕು, ಬಾಟಲಿಗೆ ತುಂಬಬೇಕು, ನೊರೆ ಕೂಡಲು ಕಾಯಬೇಕು. ನನಗೆ ಲೆಕ್ಕ ಗೊತ್ತಿತ್ತು, ಆದರೂ ಧೈರ್ಯ ಇರಲಿಲ್ಲ. ಬಾಟಲಿ ತುಂಬುವಾಗ ಗಾಳಿ ಸೇರಿದರೆ? ಯೀಸ್ಟ್ ಅರ್ಧಕ್ಕೇ ನಿಂತುಬಿಟ್ಟರೆ? ಬಾಟಲಿ ತುಂಬುವ ದಿನ ಎಂಜಿನಿಯರಿಗೆ ಎಷ್ಟು ಸಲ ಫೋನ್ ಮಾಡಿದೆನೆಂದರೆ ಕೊನೆಗೆ ಅವರು, "ಅಕ್ಕ, ನೀವು ಇಡಿ ಈಗ. ಇಲ್ಲಿ ಅಮ್ಮನದ್ದೇ ಟೆನ್ಷನ್ ಸಾಕಾಗಿದೆ," ಎಂದರು.

ಆಗಸ್ಟಿನ ಕೊನೆಯ ವಾರ ಬಾಟಲಿ ಬಂತು. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಗ್ಯಾಸ್ ಬಿಡಿಸಿ, ಸೋಸಿ, ಯಂತ್ರಕ್ಕಿಟ್ಟೆ. ಹದಿಮೂರು. ಉಳಿದದ್ದನ್ನು ಎರಡು ಲೋಟಗಳಿಗೆ ಹಂಚಿ ಕಿಟಕಿಯ ಹತ್ತಿರ ಒಯ್ದೆವು. ಒಣಹುಲ್ಲಿನ ಬಣ್ಣ, ಮೇಲೆ ಬಿಳಿ ನೊರೆ. ಅವರು ಕುಡಿದರು, ತಲೆ ಆಡಿಸಿದರು.

"ಬಸ್ಟ್ ಶೋ," ಎಂದರು.

ಪರವಾಗಿಲ್ಲ ಎಂದು ಅದರ ಅರ್ಥ. ಈ ಸೀಮೆಯವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಹೋದ ಜೀವ ಬಂದಂತಾಯಿತು. ಮಾಡುವ ವಿಧಾನದ ಹಾಳೆಯಲ್ಲಿ ಒಂದು ಸಾಲು ಸೇರಿಸಲು ಹೇಳಿದರು: ಚೀಲ ತೆರೆದ ಮೇಲೆ ಗಾಳಿಯಾಡದಂತೆ ಮುಚ್ಚಿ ತಣ್ಣಗಿನ ಜಾಗದಲ್ಲಿಡಿ, ಮಾಲ್ಟನ್ನು ಬಿಸಿ ಮಾಡಬೇಡಿ. ಬಾಗಿಲ ಹತ್ತಿರ ಹೋಗಿ ತಿರುಗಿ, ಸೆಪ್ಟೆಂಬರಿನಿಂದ ಗಿರಣಿಯ ಕೋಣೆಯ ಕೀಲಿ ನಿಮ್ಮ ಹತ್ತಿರವೇ ಇರಲಿ ಎಂದರು. ಕೆಲಸ ಕಾಯಂ ಆಯಿತು ಎಂಬುದನ್ನು ಅವರು ಹೇಳಿದ ರೀತಿ ಅದು.

ಹಿಂದಿನ ಅಂಗಳಕ್ಕೆ ಬಂದು ಖಾಲಿ ಪೆಟ್ಟಿಗೆಗಳ ಮೇಲೆ ಕೂತೆ. ಊರಿಗೆ ಫೋನ್ ಮಾಡುವ ಮೊದಲು ಎಂಜಿನಿಯರಿಗೆ ಮಾಡಿದೆ. ಅವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. "ಹದಿಮೂರು," ಎಂದೆ. ಅವರು ಏನೋ ಹೇಳುವಷ್ಟರಲ್ಲಿ ಫೋನ್ ಕೈ ಬದಲಾಯಿತು.

"ಕೆಲಸ ಉಳೀತಾ?" ತಾಯಿಯ ದನಿ.

"ಉಳೀತು ಅಮ್ಮ. ಕಾಯಂ ಆಯ್ತು."

ಆ ಕಡೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು.

"ನೀನು ಹೋದ ದಿನದಿಂದ ಈ ಅಡುಗೆಮನೆಯಲ್ಲಿ ನಾನು ಏನನ್ನೂ ಹುರಿದಿಲ್ಲ ಮಾರಾಯ್ತಿ. ಬಕೆಟ್ ಇಲ್ಲೇ ಇತ್ತಲ್ಲ. ಆಮೇಲೆ ಬಾಟಲಿ ಇತ್ತು. ಎಂತ ತಾಗಿ ಎಂತ ಬಣ್ಣ ಕೆಡ್ತದೋ ನನಗೇನು ಗೊತ್ತು? ಇವ ಪಾಪ ಬರೀ ಬೇಯಿಸಿದ್ದೇ ತಿಂದದ್ದು." ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದರು. "ಹಾಗಾದ್ರೆ ಇನ್ನು ಒಂದು ಒಗ್ಗರಣೆ ಹಾಕ್ಬಹುದಾ?"

"ಹಾಕಿ ಅಮ್ಮ," ಎಂದೆ.